ಫಕೀರಪ್ಪ ಕಂಡಕ್ಟರರ ತಿರುಗುವ ಮೇಜು

ಬಸ್ಸಿನಲ್ಲಿ ಫಕೀರಪ್ಪನವರು ಮುಂದಕ್ಕೆ ಮುಖ ಮಾಡಿ ನೆಟ್ಟಗೆ ಕೂತದ್ದನ್ನು ನಾನು ನೋಡಲೇ ಇಲ್ಲ. ಚೀನಾದ ನುಣ್ಣನೆಯ ರಸ್ತೆಗಳಲ್ಲಿ, ಕಿಟಕಿಯಾಚೆ ಏನೆಲ್ಲ ಸರಿದು ಹೋಗುತ್ತಿದ್ದರೂ ಅವರು ಡ್ರೈವರನ ಹಿಂದಿನ ಕಂಬಿಗೆ ಬೆನ್ನು ಕೊಟ್ಟು ನಮ್ಮ ಮುಖಗಳನ್ನೇ ನೋಡುತ್ತ ನಿಂತಿರುತ್ತಿದ್ದರು. ಗೈಡ್ ಹುಡುಗಿ ಕೈಸನ್ನೆ ಮಾಡಿ ಕೂಡಿಸಿದರೆ ಒಂದು ಗಳಿಗೆ ಕೂತು ಮತ್ತೆ ಏಳುವರು. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಅಂತ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆದ ಕಾಲುಗಳು ಅವು. ಸೀಟು ಅಂದರೆ ಅವಕ್ಕೆ ಒಗ್ಗುತ್ತಿರಲಿಲ್ಲ.

ಕೊರೊನಾಕ್ಕೆ ಕೆಲವು ವರ್ಷ ಮುಂಚಿನ ಮಾತು. ಹುಬ್ಬಳ್ಳಿಯ ಟೂರಿನವರೊಬ್ಬರು ನಮ್ಮ ಕಡೆಯ ಮಂದಿಯನ್ನು ಕೂಡಿಸಿ, ಚೀನಾದ ಪುರಾತನ ಜಾಗಗಳನ್ನು ತೋರಿಸಿಕೊಂಡು ಬರಲು ಹೊರಟಿದ್ದರು. ಉದ್ದನೆಯ ಗೋಡೆ, ಮಣ್ಣಿನ ಸೈನಿಕರು, ಬುದ್ಧನ ಗುಹೆಗಳು. ನಾನು ಕೊಪ್ಪಳದ ಹೈಸ್ಕೂಲಿನ ಗಣಿತದ ಟೀಚರು, ಒಂಟಿ ಹೆಂಗಸು. ಬೇಸಿಗೆ ರಜೆಯಲ್ಲಿ ಮನೆಯ ಗೋಡೆಗಳ ಜೊತೆ ಮಾತಾಡಿ ಸಾಕಾಗಿ ಹೆಸರು ಬರೆಸಿದ್ದೆ. ಗಂಗಾವತಿಯ ಅಕ್ಕಿ ಗಿರಣಿಯವರು, ಕುಷ್ಟಗಿಯ ಡಾಕ್ಟರು ಮತ್ತು ಅವರ ಹೆಂಡತಿ, ಸಿದ್ದಾಪುರದ ಭತ್ತದ ಗದ್ದೆಯವರು ಹೀಗೆ ಎಲ್ಲರೂ ತಂತಮ್ಮ ಬಿಗುಮಾನ ಹೊತ್ತುಕೊಂಡೇ ವಿಮಾನ ಹತ್ತಿದ್ದರು. ಅವರ ನಡುವೆ ತಳಕಲ್ಲಿನ ಈ ಬ್ರಹ್ಮಚಾರಿ, ಒಂದು ಚೀಲ ಒಣಗಿಸಿದ ಕಟಕ್ ರೊಟ್ಟಿ, ಒಂದು ಡಬ್ಬಿ ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಯ ಸಮೇತ.

"ಕಾಕಾ, ನಿಮಗ್ಯಾಕ ಬೇಕಿತ್ತು ಚೀನಾ?" ಅಂತ ಕೇಳಿಯೇಬಿಟ್ಟೆ.

"ಖರೇ ಹೇಳ್ಲೇನ್ರಿ ಅಕ್ಕೋರ? ಡ್ಯೂಟಿ ಇದ್ದಾಗ ಡ್ರೈವರ್ ಇರ್ತಿದ್ದ, ಹೋಟೆಲಿನ ಮಂದಿ ಇರ್ತಿದ್ರು. ರಿಟೈರ್ ಆದ ಮ್ಯಾಲ ಒಬ್ಬನ ಉಂಡು ಉಂಡು, ತುತ್ತು ಗಂಟಲದಾಗ ಇಳೀವಲ್ದು. ಟೂರಿನ್ಯಾಗ ಮೂರೂ ಹೊತ್ತು ಎಲ್ಲಾರೂ ಕೂಡಿ ಉಣ್ತಾರ ಅಂದ್ರು. ಅದಕ್ಕ ಬಂದೆ. ಗ್ವಾಡಿ ಏನ್ ನೋಡೂದ್ರಿ, ಗ್ವಾಡಿ ನಮ್ ಕೊಪ್ಪಳದ ಗುಡ್ಡದ ಮ್ಯಾಲೂ ಅದಾವು."

ನಗು ಬಂತು. ಆಮೇಲೆ ನನ್ನದೂ ಅದೇ ಕಥೆಯಲ್ಲವೇ ಅನ್ನಿಸಿತು.

ಅಲ್ಲಿಯ ಹೋಟೆಲುಗಳಲ್ಲಿ ದುಂಡು ಮೇಜು. ನಡುವೆ ತಿರುಗುವ ಗಾಜು, ಅದರ ಮೇಲೆ ಅನ್ನ, ಪಲ್ಯ, ಸಾರು. ಬೇಕಾದ್ದು ತನ್ನಷ್ಟಕ್ಕೆ ತಾನೇ ಎದುರಿಗೆ ಬಂದು ನಿಲ್ಲುತ್ತದೆ. ಮೊದಲ ದಿನ ಅದನ್ನು ಕಂಡ ಫಕೀರಪ್ಪನವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಗಾಜಿನ ಉಸ್ತುವಾರಿಯನ್ನು ಅವರೇ ವಹಿಸಿಕೊಂಡರು. ಯಾರಾದರೂ ಬಡಿಸಿಕೊಳ್ಳುತ್ತಿದ್ದರೆ "ಹೋಲ್ಡಾನ್!" ಅನ್ನುವರು. ಬಡಿಸಿಕೊಂಡಾದ ಮೇಲೆ "ರೈಟ್!" ಅಂದು ಮೆಲ್ಲಗೆ ತಿರುಗಿಸುವರು. ಅವರ ರೈಟ್ ಬೀಳದೆ ಗಾಜು ಅಲುಗುವಂತಿಲ್ಲ. ಗಿರಣಿಯವರೊಮ್ಮೆ ಅವಸರಪಟ್ಟು ಕೈ ಹಾಕಿದಾಗ, "ಸಾವಕಾಶ್ರೀ ಸಾವಕಾರ್ರ, ಹಿಂದ ಒಬ್ಬಾಕಿ ಮುದುಕಿ ಇಳ್ಯಾಕತ್ಯಾಳ" ಅಂದರು. ಡಾಕ್ಟರ ಹೆಂಡತಿ ಸಾರು ಚೆಲ್ಲುವಷ್ಟು ನಕ್ಕರು. ಎರಡು ದಿನದಲ್ಲಿ ಬಿಗುಮಾನವೆಲ್ಲ ಇಳಿದು, ನಾವು ಒಂದೇ ಮನೆಯವರ ಹಾಗೆ ಒಬ್ಬರ ತಟ್ಟೆಗೊಬ್ಬರು ಬಡಿಸತೊಡಗಿದೆವು. ಗುರೆಳ್ಳು ಹಿಂಡಿಯ ಡಬ್ಬಿಯೂ ಗಾಜಿನ ಮೇಲೆ ಸುತ್ತು ಹೊಡೆಯುತ್ತಿತ್ತು.

ಮಣ್ಣಿನ ಸೈನಿಕರಿದ್ದ ಆ ದೊಡ್ಡ ತಗ್ಗಿನ ಅಂಚಿಗೆ ನಿಂತಾಗ ಎಲ್ಲರೂ ಫೋಟೋದ ಗದ್ದಲದಲ್ಲಿದ್ದೆವು. ಫಕೀರಪ್ಪನವರು ಮಾತ್ರ ಕಟಕಟೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟ್ ಮಂದಿ ಅದಾರ ನೋಡ್ರಿ ಅಕ್ಕೋರ. ಆದ್ರ ಒಬ್ರ ಮುಖ ಒಬ್ರು ನೋಡವಲ್ರು. ಎಲ್ಲಾರೂ ಮುಂದ ನೋಡಾಕತ್ಯಾರ, ಬಸ್ಸಿನ್ಯಾಗ ಕುಂತಂಗ. ಇವ್ರಿಗೊಬ್ಬ ಕಂಡಕ್ಟರ್ ಬೇಕಾಗಿತ್ತು."

ಗೋಡೆ ನೋಡಲು ಹೋದ ದಿನ ಇನ್ನೊಂದು ಫಜೀತಿಯಾಯಿತು. ಇಳಿದು ಬಂದವರೆಲ್ಲ ಬಸ್ಸು ಹತ್ತಿ ಕೂತರೂ ಫಕೀರಪ್ಪನವರು ಬಾಗಿಲಿಗೆ ಅಡ್ಡ ನಿಂತು ಬಿಡಲೊಲ್ಲರು. ಎಣಿಸಿದರು, ಮತ್ತೆ ಎಣಿಸಿದರು. "ಒಬ್ರು ಕಡಿಮಿ ಅದಾರ. ಗಾಡಿ ಬಿಡಬ್ಯಾಡ್ರಿ!" ಗೈಡ್ ಹುಡುಗಿ ಗಾಬರಿಯಾಗಿ ಮೆಟ್ಟಿಲುಗಳ ಕಡೆ ಓಡಿದಳು. ಕೊನೆಗೆ ನಾನೆದ್ದು ಎಣಿಸಿ ನೋಡಿದರೆ, ಇವರು ತಮ್ಮನ್ನೇ ಬಿಟ್ಟು ಎಣಿಸಿದ್ದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರೂ ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಹತ್ತಿರ ಬಂದು, "ತಪ್ಪು ತಿಳೀಬ್ಯಾಡ್ರಿ. ಕಂಡಕ್ಟರ್ ಪ್ಯಾಸೆಂಜರ್ ಅಲ್ಲ ನೋಡ್ರಿ, ಲೆಕ್ಕದಾಗ ಬರೂದಿಲ್ಲ. ಅದ ರೂಢಿ ಬಿದ್ದೈತಿ" ಅಂದರು.

ಬೀಳ್ಕೊಡುವಾಗ ಹುಬ್ಬಳ್ಳಿಯಲ್ಲಿ ಎಲ್ಲರ ಕೈ ಹಿಡಿದು ಹೇಳಿದರು: "ತಳಕಲ್ಲಿಗೆ ಬರ್ರಿ. ಒಂದಿನ ಎಲ್ಲಾರೂ ಕೂಡಿ ಉಣ್ಣೂಣು." ಎಲ್ಲರೂ ಖಂಡಿತ, ಖಂಡಿತ ಅಂದರು. ಪ್ರವಾಸದ ಮಾತು ಪ್ರವಾಸಕ್ಕೇ ಮುಗಿಯುತ್ತದೆಂದು ನಮಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಊರಿಗೆ ಹೋದವರೇ ಬಡಿಗನನ್ನು ಹಿಡಿದು, ಹಳೆಯ ಚಕ್ಕಡಿ ಗಾಲಿಯೊಂದರ ಮೇಲೆ ಹಲಗೆ ಜೋಡಿಸಿ, ಅದನ್ನು ದುಂಡು ಮೇಜಿನ ನಡುವೆ ಕೂಡಿಸಿ, ತಿರುಗುವ ಮೇಜು ಮಾಡಿಸಿಯೇಬಿಟ್ಟರು. ಪಡಸಾಲೆಯ ತುಂಬ ಅದೇ. ಒಬ್ಬಂಟಿ ಗಂಡಸಿನ ಮನೆಯಲ್ಲಿ ಇಷ್ಟು ದೊಡ್ಡ ಮೇಜು ಕಂಡು ಓಣಿಯ ಮಂದಿ ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ.

ಮುಂದೆ ಬಂದ ಹಬ್ಬದ ಮರುದಿನದ ಊಟಕ್ಕೆ ಎಲ್ಲರಿಗೂ ಫೋನು ಹೋಯಿತು. ಸಿದ್ದಾಪುರದವರಿಗೆ ಭತ್ತದ ಕೊಯ್ಲು, ಡಾಕ್ಟರಿಗೆ ಪೇಷಂಟುಗಳು, ಗಿರಣಿಯವರಿಗೆ ಯಾವುದೋ ಮದುವೆ. ಹೋದವಳು ನಾನೊಬ್ಬಳೇ. ಮೇಜಿನ ಮೇಲೆ ಎಣ್ಣೆಗಾಯಿ, ಹೆಸರುಕಾಳು, ಹೋಳಿಗೆ, ತುಪ್ಪ; ಸುತ್ತ ಸಾಲಾಗಿ ತಟ್ಟೆಗಳು. ನನ್ನನ್ನು ಕೂಡಿಸಿ ಅವರು ಎದುರು ಬದಿಗೆ ಹೋಗಿ ಕೂತರು. "ರೈಟ್" ಅಂದರು. ಗಾಲಿ ಕಿರ್ ಎಂದು ಸದ್ದು ಮಾಡುತ್ತ ಹೋಳಿಗೆಯನ್ನು ಖಾಲಿ ತಟ್ಟೆಗಳ ಮುಂದೆಲ್ಲ ಹಾಯಿಸಿ ನನ್ನ ಮುಂದೆ ತಂದು ನಿಲ್ಲಿಸಿತು.

"ಬರ್ತಾರ ಬಿಡ್ರಿ," ಅಂದರು, ನಾನು ಏನೂ ಕೇಳದಿದ್ದರೂ. "ಒಂದ್ ಟ್ರಿಪ್ ತಪ್ಪಿದ್ರ ಮುಂದಿನ ಟ್ರಿಪ್ಪಿಗೆ ಬರ್ತಾರ."

ಕೊರೊನಾ ಬಂದಾಗ ಒಮ್ಮೆ ಫೋನು ಮಾಡಿದ್ದರು. "ಈಗ ನೋಡ್ರಿ ಅಕ್ಕೋರ, ಎಲ್ಲಾರೂ ನನ್ನಂಗ ಆಗ್ಯಾರ. ಪಾಪ, ಬಾಗಲಾ ಹಾಕ್ಕೊಂಡು ಉಣ್ಣಾಕತ್ಯಾರ." ಅವರ ದನಿಯಲ್ಲಿ ಕೊಂಕಿರಲಿಲ್ಲ, ಮರುಕವಿತ್ತು. ಅದೇ ಕೊನೆಯ ಮಾತು. ರೋಗದ ಕಾಟವೆಲ್ಲ ತಣ್ಣಗಾದ ಮೇಲೆ, ಒಂದು ಮಧ್ಯಾಹ್ನ ಕೂತಲ್ಲೇ ಹೋಗಿಬಿಟ್ಟರು.

ಅವರ ತಮ್ಮನ ಮಗ ಶಿವಗಣಾರಾಧನೆಗೆ, ತೀರಿಹೋದವರ ಹೆಸರಿನ ಊಟಕ್ಕೆ, ಕರೆದಾಗ ಎಲ್ಲರೂ ಬಂದರು. ಸಿದ್ದಾಪುರದವರು, ಡಾಕ್ಟರು, ಅವರ ಹೆಂಡತಿ, ಗಿರಣಿಯವರು. ಯಾರಿಗೂ ಅವತ್ತು ಕೊಯ್ಲಿರಲಿಲ್ಲ, ಮದುವೆಯಿರಲಿಲ್ಲ. ಟೂರಿನವರೆಂದು ನಮ್ಮನ್ನು ಬೇರೆಯಾಗಿ ಪಡಸಾಲೆಯಲ್ಲಿ, ಆ ಮೇಜಿನ ಸುತ್ತ ಕೂಡಿಸಿದರು. ನಡುವೆ ಎಲ್ಲ ಪದಾರ್ಥಗಳನ್ನೂ ಇಟ್ಟು ಹೋದರು. ಹುಗ್ಗಿ ಗಿರಣಿಯವರ ಮುಂದೆ, ಪಲ್ಯ ಡಾಕ್ಟರ ಮುಂದೆ, ಅನ್ನ ಸಿದ್ದಾಪುರದವರ ಮುಂದೆ. ನನ್ನ ಮುಂದೆ ಗುರೆಳ್ಳು ಹಿಂಡಿ ಮತ್ತು ರೊಟ್ಟಿ.

ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಗಾಲಿಯ ಮೇಲೆ ಯಾರೂ ಕೈ ಇಡಲಿಲ್ಲ. ನಾನೇ "ರೈಟ್" ಅನ್ನಬಹುದಿತ್ತು, ಅನ್ನಲಿಲ್ಲ. ಸ್ವಲ್ಪ ಹೊತ್ತು ಕಾದು, ಪ್ರತಿಯೊಬ್ಬರೂ ತಮ್ಮ ತಮ್ಮ ಮುಂದಿದ್ದದ್ದನ್ನೇ ಬಡಿಸಿಕೊಂಡು, ಅದನ್ನಷ್ಟೇ ಉಂಡು ಎದ್ದೆವು.