ಒಂದೇ ಕೈಗೆ ಹಸಿರು ಬಳೆ

ಬೆಳಿಗ್ಗೆ ಜೋಳದ ಹಿಟ್ಟು ಸಾಣಿಸುವಾಗ ಜರಡಿಯಲ್ಲಿ ಹಸಿರು ಗಾಜಿನ ಚೂರು ಸಿಕ್ಕಿತು. ನನ್ನದೇ ಬಳೆ. ಯಾವಾಗ ಒಡೆಯಿತೋ ತಿಳಿಯಲಿಲ್ಲ. ಈಚೆಗೆ ಏನೂ ತಿಳಿಯುವುದಿಲ್ಲ… ಚೂರನ್ನು ಕಿಟಕಿಯಲ್ಲಿಟ್ಟು ರೊಟ್ಟಿ ಬಡಿದೆ. ಆಮೇಲೆ ಫೋನ್ ಹಿಡಿದು ಕೂತೆ. ಅದರಲ್ಲಿ ಬರೆಯುವುದು ಈ ವಯಸ್ಸಿನಲ್ಲಿ ಕಲಿತದ್ದು. ಒಂದೇ ಬೆರಳು. 'ಳ' ಹುಡುಕುವಷ್ಟರಲ್ಲಿ ಚಹಾ ಆರಿ ಹೋಗುತ್ತದೆ.

ಬಸವಕಲ್ಯಾಣದ ನಮ್ಮ ಓಣಿಗೆ ಗುರುವಾರಕ್ಕೊಮ್ಮೆ ಹುಮನಾಬಾದಿನಿಂದ ಒಬ್ಬ ಬಳೆಗಾರ್ತಿ ಬರುತ್ತಿದ್ದಳು. ಬುಟ್ಟಿ ಇಳಿಸುವ ಮೊದಲೇ ನನ್ನನ್ನು ಕೆಣಕುವಳು.

"ಏ ಮುದಕಿ, ಕೈ ಖಾಲಿ ಆದ್ರೂ ಬಾಯಿ ಮಾತ್ರ ಭರ್ತಿ ಅದ ನೋಡು ನಿಂದು!"

ಗಂಡ ಸತ್ತ ಮೇಲೆ ನಾನು ಬಳೆ ತೊಟ್ಟಿರಲಿಲ್ಲ. ಅದನ್ನು ಹಿಡಿದು ನನ್ನೆದುರು ನಗುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಒಂದು ವರ್ಷ ಓಣಿಯ ಹುಡುಗಿಯೊಬ್ಬಳು ತನ್ನ ಜೀವ ತಾನೇ ತೆಗೆದುಕೊಂಡಳು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಯಾರೂ ಆ ಮಾತೆತ್ತಲಿಲ್ಲ. ಬಳೆಗಾರ್ತಿ ಎತ್ತಿದಳು. ಕೊನೆಯ ಸಲ ಯಾವ ಬಣ್ಣ ಎಂದು ಕೇಳಿದಾಗ ಆ ಹುಡುಗಿ 'ಯಾವುದರೆ ಹಾಕು' ಅಂದಿದ್ದಳಂತೆ. ಅಷ್ಟರಿಂದ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಆದರೂ ಅಂದಿನಿಂದ ಬಣ್ಣ ಹೇಳದ ಹುಡುಗಿಯ ಕೈಯನ್ನು ಅವಳು ಬಿಡುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕರೆದು, ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿದಳು. ಮಕ್ಕಳನ್ನು ಬೈಯದೆ ನೇರವಾಗಿ ಕೇಳಿರಿ, ಕೇಳಿದ್ದರಿಂದ ಕೆಟ್ಟ ವಿಚಾರ ತಲೆಗೆ ಬರುವುದಿಲ್ಲ ಎಂದು ಆ ಕಾರ್ಯಕರ್ತೆ ಹೇಳಿದಳು. ನಾನು ಶೇಂಗಾ ತಿನ್ನುತ್ತ ಕೇಳಿಸಿಕೊಂಡೆ.

ನನ್ನ ಮೊಮ್ಮಗಳು ಆಗ ನನ್ನ ಹತ್ತಿರವೇ ಇದ್ದು ಪಿಯುಸಿ ಓದುತ್ತಿದ್ದಳು. ಪಂಚಮಿಗೆ ಮುಂಚಿನ ಗುರುವಾರ ಅವಳೂ ಕೈ ಚಾಚಿದಳು.

"ಯಾವ ಬಣ್ಣ, ಪೋರಿ?"

"ಯಾವುದರೆ ಹಾಕ್ರಿ."

ಬಳೆಗಾರ್ತಿ ಕೈ ಹಿಡಿದೇ ಕೇಳಿದಳು. "ಖರೇ ಹೇಳು. ಸಾಯಬೇಕ ಅನಸಾಕತ್ತದೇನ?"

ಮೊಮ್ಮಗಳು ಹೌದೆಂದು ತಲೆ ಆಡಿಸಿದಳು.

ನಾನು ಅಕ್ಕಿಯ ಹರಳು ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ…

ಬಳೆಗಾರ್ತಿ ಬೈಯಲಿಲ್ಲ. ದೇವರ ಹೆಸರೂ ಎತ್ತಲಿಲ್ಲ. ಹಸಿರು ಬಳೆಗಳನ್ನು ಒಂದು ಕೈಗೆ ಮಾತ್ರ ತೊಡಿಸಿದಳು. "ಇನ್ನೊಂದ ಕೈ ಮುಂದಿನ ಗುರುವಾರ. ನೀ ಇರಬೇಕ ಮತ್ತ."

"ಒಂದ ಕೈಗಿ ಹಾಕ್ಕೊಂಡ್ರ ಮಂದಿ ನಗ್ತಾರ್ರಿ," ಅಂದಳು ಮೊಮ್ಮಗಳು. ಬಳೆ ಕಳಚತೊಡಗಿದಳು.

ನಾನು ಮೊರ ಬದಿಗಿಟ್ಟು ನನ್ನ ಕೈ ಮುಂದೆ ಮಾಡಿದೆ. "ನನಗೂ ಒಂದ ಕೈಗಿ ಹಾಕು."

"ಏ ಮುದಕಿ, ಓಣಿ ಏನ ಅಂತದ?"

"ಒಂದ ಕೈಗಿ ಅರ್ಧಾನೇ ಅಂತದ, ಹಾಕು."

ಮೊಮ್ಮಗಳು ಅಳುತ್ತಲೇ ಮೂಗಿನಲ್ಲಿ ನಕ್ಕಳು. ಬಳೆ ಕಳಚಲಿಲ್ಲ.

ಅವತ್ತೇ ಮೂವರೂ ಹುಮನಾಬಾದಿನ ಬಸ್ ಹತ್ತಿ, ಬಳೆಗಾರ್ತಿಗೆ ಗುರುತಿದ್ದ ಡಾಕ್ಟರಮ್ಮನ ಹತ್ತಿರ ಹೋದೆವು. ಆಮೇಲೆ ಗುರುವಾರದಿಂದ ಗುರುವಾರಕ್ಕೆ ದಾಟಿದೆವು. ಓಣಿಯ ಹೆಂಗಸರು ಸರದಿ ಹಾಕಿಕೊಂಡರು. ಒಬ್ಬಳು ಕಾಲೇಜಿನವರೆಗೆ ಜೊತೆ, ಒಬ್ಬಳು ಸಂಜೆ ಕಟ್ಟೆಗೆ. ಆ ಕಟ್ಟೆಯ ಮೇಲೆಯೇ ಮೊಮ್ಮಗಳು ನನಗೆ ಫೋನಿನಲ್ಲಿ ಬರೆಯಲು ಕಲಿಸಿದ್ದು. ಅವಳ ಇನ್ನೊಂದು ಕೈಯನ್ನು ಬಳೆಗಾರ್ತಿ ಹೇಳಿದ ದಿನವೇ ತುಂಬಿದಳು. ನನ್ನದನ್ನು ಮಾತ್ರ ಮುಂದೂಡುತ್ತಲೇ ಇದ್ದಳು. "ಮುಂದಿನ ಗುರುವಾರ. ಬದುಕಾಕ ನಿನಗೂ ಒಂದ ನೆವ ಬೇಕಲ್ಲ, ಮುದಕಿ."

ಈಗ ಮೊಮ್ಮಗಳು ಬೀದರಿನಲ್ಲಿ ಓದುತ್ತಾಳೆ. ಇನ್ನೂ ಡಾಕ್ಟರಮ್ಮನಿಗೆ ಫೋನ್ ಮಾಡುತ್ತಾಳೆ. ಹೋದ ತಿಂಗಳು ಬಳೆಗಾರ್ತಿ ಬರಲಿಲ್ಲ. ಎದೆನೋವಿನಿಂದ ತೀರಿಕೊಂಡಳೆಂದು ಅವಳ ಮಗ ತಿಳಿಸಿದ. ಹೌದಾ ಅಂದೆ. ಫೋನ್ ಇಟ್ಟು ಪಲ್ಯಕ್ಕೆ ಉಪ್ಪು ಹಾಕಿದೆ. ಎರಡು ಸಲ ಹಾಕಿದ್ದು ತಿನ್ನುವಾಗ ಗೊತ್ತಾಯಿತು.

ಇದನ್ನು ಬರೆಯುತ್ತಿರುವಾಗಲೇ ಮೊಮ್ಮಗಳ ಮೆಸೇಜ್ ಬಂತು. 'ಹ್ಯಾಂಗಿದ್ದಿ ಅಜ್ಜಿ? ಖರೇ ಹೇಳು.'

'ಆರಾಮ' ಎಂದು ಒತ್ತಿ ಅಳಿಸಿದೆ. 'ಬಳಿ ಒಡದದ. ಅಳು ಬರವಲ್ದು' ಎಂದು ಬರೆದೆ.

'ನಾಳಿ ಬರ್ತೀನಿ. ಯಾವ ಬಣ್ಣ ತರ್ಲಿ?'

'ಯಾವುದರೆ' ಎಂದು ಒತ್ತಿದೆ. ಬೆರಳು ಅಲ್ಲೇ ನಿಂತಿತು… ಒಂದೊಂದೇ ಅಕ್ಷರ ಅಳಿಸಿದೆ. 'ಹಸರು' ಎಂದು ಬರೆದು ಕಳಿಸಿದೆ.

ಒಂದು ಕೈಗೆ ಸಾಕು. ಇನ್ನೊಂದು ಕೈ ತುಂಬಲು ಬಳೆಗಾರ್ತಿ ಬರುವುದಿಲ್ಲ.