ಕುಂಟಿಯ ಮೆರವಣಿಗೆ

ಹೋದ ತಿಂಗಳು ಶಾಲೆಯ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಕೊಳೆತ ಬಾಳೆಹಣ್ಣು, ಕಾದ ಬಂಡೆಯ ಮೇಲೆ ಆರಿದ ಕೋತಿಯ ಉಚ್ಚೆ, ಅದರ ಪಕ್ಕದಲ್ಲೇ ಯಾರೋ ಭಕ್ತಿಯಿಂದ ಹಚ್ಚಿಟ್ಟಿದ್ದ ಊದುಬತ್ತಿ. ಈ ಮೂರೂ ಸೇರಿದ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಅಲ್ಲೊಬ್ಬ ತರುಣ ಕೋತಿಯೊಂದರ ಕೈಗೆ ಕೂಲ್‌ಡ್ರಿಂಕ್ ಬಾಟಲಿ ಕೊಟ್ಟು ಮೊಬೈಲ್ ಹಿಡಿದು ನಿಂತಿದ್ದ. ಅದು ಕುಡಿದಾಗ ಕೈಮುಗಿದ; ಅವನ ಚಿಪ್ಸಿಗೆ ಕೈ ಹಾಕಿದಾಗ ಚಪ್ಪಲಿ ಎತ್ತಿದ. ಎರಡೂ ಒಂದೇ ನಿಮಿಷದಲ್ಲಿ. ಮೃಗಾಲಯಗಳಲ್ಲೂ ಇಂಥವರನ್ನು ಕಂಡಿದ್ದೇನೆ. ಕಂಬಿಯಾಚೆ ಬೆನ್ನು ತಿರುಗಿಸಿ ಕುಳಿತ ಚಿಂಪಾಂಜಿಯ ಮೇಲೆ ಶೇಂಗಾ ಸಿಪ್ಪೆ ಎಸೆದು, ಅದು ತಿರುಗಿ ನೋಡಲಿಲ್ಲವೆಂದು ಅದಕ್ಕೇ ಬೈಯುವವರು. "ಯಾಕ್ ಮಿಸ್ ಮೂಗ್ ಮುಚ್ಕಂಡ್ರಿ?" ಎಂದು ಮಕ್ಕಳು ಕೇಳಿದರು. ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ಹಿತ್ತಲು ತುಂಬ ಇದೇ ವಾಸನೆ ಇತ್ತು.

ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ನಮ್ಮದು ಹನ್ನೊಂದು ಜನರ ಮನೆ. ಮನೆಗೆ ಹಿರಿಯಳು ಅಜ್ಜಿ, ಯಜಮಾನ ಅವಳ ದೊಡ್ಡ ಮಗ, ಅಂದರೆ ನನ್ನ ದೊಡ್ಡಪ್ಪ. ಊರ ಆಂಜನೇಯನ ಗುಡಿಯ ಸಮಿತಿಗೂ ಅವನೇ ಅಧ್ಯಕ್ಷ. ಬೆಳಿಗ್ಗೆ ಒಲೆಯ ಹೊಗೆ ಇನ್ನೂ ಹೆಂಚಿನ ಸಂದಿಯಲ್ಲಿ ಸುತ್ತುತ್ತಿರುವಾಗಲೇ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಬೂದಿಯಲ್ಲಿ ಸುಟ್ಟ ಶೇಂಗಾವನ್ನು ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು. ಆಗ ನುಗ್ಗೆಮರದಿಂದ ಒಂದು ಹೆಣ್ಣು ಕೋತಿ ಇಳಿಯುತ್ತಿತ್ತು. ಎಡಗಾಲು ಸೊಟ್ಟಗಿದ್ದದ್ದರಿಂದ ಅಜ್ಜಿ ಅದನ್ನು ಕುಂಟಿ ಎನ್ನುತ್ತಿದ್ದಳು. ಮಿಕ್ಕ ಕೋತಿಗಳು ಕಿತ್ತುಕೊಂಡು ಓಡಿದರೆ ಕುಂಟಿ ಮಾತ್ರ ಅಂಗೈಯಿಂದ ಒಂದೊಂದೇ ಕಾಯಿ ಎತ್ತಿಕೊಂಡು, ಅಲ್ಲೇ ಕುಳಿತು, ಸುಲಿದು ತಿನ್ನುತ್ತಿತ್ತು. ಅದರ ಬೆರಳು ತಾಗಿದಾಗ ಒಣಗಿದ, ತಣ್ಣನೆಯ ಚರ್ಮದ ಸ್ಪರ್ಶ. ನನಗೂ ಅಜ್ಜಿ ಕಲಿಸಿದ್ದಳು: "ಕೈ ಅಗಲಕ್ ಚಾಚು ಮಗಾ, ಬೆರಳು ಮಡಿಸ್ಬ್ಯಾಡ. ಮುಚ್ಚಿದ ಕೈನ ಅದು ನಂಬಲ್ಲ." ಆ ವರ್ಷ ಕುಂಟಿ ಮರಿ ಹಾಕಿತು. ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡೇ ನನ್ನ ಕೈಯಿಂದಲೂ ತಿನ್ನತೊಡಗಿತು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಕೋತಿಗಳ ಕಾಟ ಸುಳ್ಳೇನಲ್ಲ. ಹೆಂಚು ಒಡೆಯುತ್ತಿದ್ದವು, ಎಳನೀರು ಕೆಡವುತ್ತಿದ್ದವು, ಬಿತ್ತಿದ ಶೇಂಗಾ ಕೆದರುತ್ತಿದ್ದವು. ಊರವರು ಸೇರಿ, ಹಿಡಿಸಿ ದೂರದ ಕಾಡಿಗೆ ಬಿಡಿಸುವುದೆಂದು ತೀರ್ಮಾನಿಸಿದರು. ಕಬ್ಬಿಣದ ದೊಡ್ಡ ಬೋನು ಬಂತು. ಅದನ್ನು ಗುಡಿಯ ಮುಂದಿನ ಬಯಲಲ್ಲಿ ಇಡಬಹುದಿತ್ತು. ಆದರೆ ಸ್ವಾಮಿಯ ಕಣ್ಣಿಗೆ ಬೀಳಬಾರದಲ್ಲ! ಆದ್ದರಿಂದ ನಮ್ಮ ಹಿತ್ತಲಿಗೆ ತಂದಿಟ್ಟರು. ದೇವರಿಗೆ ನಮ್ಮ ಮನೆಯ ಗೋಡೆಯಾಚೆ ಕಾಣುವುದಿಲ್ಲ ಎಂದು ಅಷ್ಟು ಜನ ದೊಡ್ಡವರು ನಂಬಿದ್ದರು. ಬಾಳೆಹಣ್ಣಿನ ಆಸೆಗೆ ಗುಂಪಿನ ಕೋತಿಗಳೆಲ್ಲ ಬಿದ್ದು ಟೆಂಪೊ ಹತ್ತಿ ಹೋದವು. ಕುಂಟಿ ಮಾತ್ರ ಬೋನಿನ ಹತ್ತಿರ ಸುಳಿಯಲಿಲ್ಲ. ಅಜ್ಜಿ ದೊಡ್ಡಪ್ಪನಿಗೆ, "ಅದೊಂದ್ನ ಬಿಟ್ಬಿಡಪ್ಪ, ಮರಿತಾಯಿ ಐತೆ" ಎಂದಿದ್ದಳು. ದೊಡ್ಡಪ್ಪ ಹೂಂ ಅಂದಿದ್ದ. ಅದನ್ನು ನಂಬಿ ಅವಳು ಹರಕೆ ತೀರಿಸಲು ಅತ್ತೆಯ ಜೊತೆ ಹಾಲುರಾಮೇಶ್ವರಕ್ಕೆ ಹೋದಳು.

ಮಾರನೆಯ ದಿನ ಶುಕ್ರವಾರ. ದೊಡ್ಡಪ್ಪ ನನ್ನನ್ನು ಕರೆದು ತಲೆ ಸವರಿದ. "ಲೇ ಪುಟ್ಟಿ, ನಿನ್ ಕೈಗಾದ್ರೆ ಬತ್ತೈತೆ ಅದು. ಅದರ ಬಳಗ ಎಲ್ಲಾ ಕಾಡಾಗೈತೆ, ಇದೊಂದೇ ಇಲ್ಲಿದ್ದು ಏನ್ ಮಾಡ್ತೈತೆ?" ಬೋನಿಗೆ ಹಿಂದೆಯೂ ಒಂದು ಸಣ್ಣ ಬಾಗಿಲಿತ್ತು. ನಾನು ಬೂದಿಯಲ್ಲಿ ಸುಟ್ಟ ಶೇಂಗಾ ಹಿಡಿದು ಒಳಗೆ ಕುಳಿತು ಅಂಗೈ ಅಗಲಿಸಿದೆ. ಕುಂಟಿ ಬಹಳ ಹೊತ್ತು ನೋಡಿತು. ಆಮೇಲೆ ಮರಿಯನ್ನು ಹೊಟ್ಟೆಗಪ್ಪಿಕೊಂಡೇ ಕುಂಟುತ್ತ ಬಂದು, ಎದುರು ಕುಳಿತು, ಒಂದು ಕಾಯಿ ತೆಗೆದುಕೊಂಡಿತು. ನಾನು ಹಿಂದಿನಿಂದ ಹೊರಗೆ ನುಸುಳಿದೆ, ದೊಡ್ಡಪ್ಪ ಮುಂದಿನ ಬಾಗಿಲು ಬೀಳಿಸಿದ, ಮನೆಯಾಳು ಹಿಂದಿನದನ್ನು ಮುಚ್ಚಿದ. ಕುಂಟಿ ಕಿರುಚಿ ಕಂಬಿಗಳನ್ನೆಲ್ಲ ಅಲುಗಿಸಿತು. ಸ್ವಲ್ಪ ಹೊತ್ತಿಗೆ ಸುಮ್ಮನಾಗಿ, ಕಂಬಿಯ ಸಂದಿಯಿಂದ ಕೈ ಚಾಚಿ ನನ್ನ ಅಂಗೈಯಲ್ಲಿ ಇನ್ನೂ ಕಾಯಿ ಇದೆಯೇ ಎಂದು ಹುಡುಕಿತು. "ಜಾಣೆ ಕಣೇ" ಎಂದು ದೊಡ್ಡಪ್ಪ ಒಂದಚ್ಚು ಬೆಲ್ಲ ಕೊಟ್ಟ. ಅದನ್ನು ನಾನು ಅಲ್ಲೇ ನಿಂತು ತಿಂದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಟೆಂಪೊ ಬಂತು. ದೊಡ್ಡಪ್ಪ ಮಡಿಯುಟ್ಟು ಬಂದು ಕೋತಿ ಒಯ್ಯಲು ಬಂದವರನ್ನು ಬಾಗಿಲಲ್ಲೇ ತಡೆದ. "ಇವತ್ತು ಸ್ವಾಮಿ ವಾರ. ಶನಿವಾರ ಕೋತಿನ ಊರು ಬಿಡಿಸ್ಬಾರ್ದು, ಊರಿಗೆ ಕೇಡು. ನಾಳಿಕ್ ಬರ್ರಿ." ಟೆಂಪೊ ಹೋಯಿತು. ಅವನು ನಾಲ್ಕು ಬಾಳೆಹಣ್ಣು ಒಳಗೆಸೆದು, ಬೋನಿನ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದು, ಉಪವಾಸವೆಂದು ಪಡಸಾಲೆಯ ತಂಪಿನಲ್ಲಿ ಮಲಗಿದ. ಬೇಸಿಗೆಯ ಬಿಸಿಲು. ಬೋನಿಗೆ ನೆರಳಿಲ್ಲ, ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ನೀರಿನ ಡಬ್ಬಿ ಮಧ್ಯಾಹ್ನಕ್ಕೆ ಮೊದಲೇ ಉರುಳಿಬಿದ್ದಿತ್ತು. ಚೊಂಬು ಹಿಡಿದು ಹೊರಟ ನನ್ನನ್ನು ಅಮ್ಮ ತಡೆದಳು: "ಕಚ್ಚೀತು, ಅತ್ಲಾಗ್ ಹೋಗ್ಬ್ಯಾಡ. ದೊಡ್ಡಪ್ಪ ಬೈತಾರೆ." ನಾನು ಚೊಂಬು ಕೆಳಗಿಟ್ಟೆ. ಹನ್ನೊಂದು ಜನರ ಮನೆಯಲ್ಲಿ ಒಂದು ಚೊಂಬು ನೀರು ಹತ್ತು ಹೆಜ್ಜೆ ನಡೆಯಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಕುಂಟಿ ಸತ್ತು ಸೆಟೆದಿತ್ತು. ಮರಿ ಇನ್ನೂ ಮೊಲೆ ಚೀಪುತ್ತಿತ್ತು.

ಆಮೇಲೆ ನಡೆದದ್ದು ಇನ್ನೂ ಅಸಹ್ಯ. ಕೋತಿ ಸತ್ತರೆ ಊರಿಗೆ ಸೂತಕ ಎಂದು ಒಂದು ಒಲೆಯೂ ಹೊತ್ತಲಿಲ್ಲ. ಬದುಕಿದ್ದಾಗ ನೀರು ಕೊಡದವರು ಸತ್ತ ಮೇಲೆ ಕೊಡಗಟ್ಟಲೆ ನೀರೆರೆದು ಮೀಯಿಸಿದರು, ಅರಿಶಿನ ಹಚ್ಚಿದರು, ಹೊಸ ಪಂಚೆ ಸುತ್ತಿದರು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಲು ಮರಿ ಅಡ್ಡಿಯಾಯಿತೆಂದು ಇಬ್ಬರು ಟವೆಲ್ ಹಾಕಿ ಅದನ್ನು ಕಿತ್ತರು. ಉರುಮೆ, ತಮಟೆ, ಭಜನೆ ಹೊರಟವು. ಮರಿ ಸೂರಿನಿಂದ ಸೂರಿಗೆ ಬೀಳುತ್ತ ಏಳುತ್ತ, ಕೀರಲು ದನಿಯಲ್ಲಿ ಅರಚುತ್ತ ಹಿಂಬಾಲಿಸಿತು. "ನೋಡ್ರಿ, ಸ್ವಾಮಿನೇ ಅಳ್ತಾನೆ!" ಎಂದು ಯಾರೋ ಕೂಗಿದರು, ಹೆಂಗಸರು ಅದಕ್ಕೂ ಕೈಮುಗಿದರು. ಒಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ದೊಡ್ಡಪ್ಪ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ನಾಟಕವಾಗಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಅದು ನಿಜವಾದ ಅಳು. ಅದೇ ನನಗೆ ಇಂದಿಗೂ ಅರಗುವುದಿಲ್ಲ.

ಆ ಹೊತ್ತಿಗೆ ಹೊಸದುರ್ಗದ ಬಸ್ಸು ಬಂದು ಮೆರವಣಿಗೆಗೆ ಸಿಕ್ಕಿ ನಿಂತಿತು. ಪ್ರಯಾಣಿಕರೆಲ್ಲ ಚಪ್ಪಲಿ ಬಿಟ್ಟು ಇಳಿದರು. ಅವರ ನಡುವೆ ಅಜ್ಜಿ. ಅವಳು ಕೈಮುಗಿಯಲಿಲ್ಲ. ಹತ್ತಿರ ಬಂದು ಪಂಚೆಯ ತುದಿ ಸರಿಸಿ ಎಡಗಾಲು ನೋಡಿದಳು.

"ಎಲ್ ಸತ್ತಿದ್ದು?"

"ಬಿಸಿಲಿಗೆ ಕಣವ್ವ... ಸ್ವಾಮಿ ಕರ್ಕಂಡ" ಎಂದ ದೊಡ್ಡಪ್ಪ.

"ಎಲ್ಲಿ ಅಂತ ಕೇಳ್ದೆ ನಾನು."

ಅಜ್ಜಿ ಬೇಲಿಯ ಮೇಲಿದ್ದ ಮರಿಯನ್ನು ಸೆರಗಿನಲ್ಲಿ ಹಿಡಿದು ಮನೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಹಿತ್ತಲಲ್ಲಿ ಬೋನು ಇನ್ನೂ ಇತ್ತು. ಅದರೊಳಗೆ ಬಾಳೆಸಿಪ್ಪೆಯ ನಡುವೆ, ಬೂದಿ ಮೆತ್ತಿದ ಶೇಂಗಾ ಸಿಪ್ಪೆ. ಅದನ್ನು ಅವಳು ನೋಡುವುದನ್ನು ನಾನು ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕೇಳಿಬಿಟ್ಟರೆ ಏನು ಹೇಳುವುದೆಂದು ಅಂದಿನಿಂದ ಹತ್ತು ದಿನ ನಾನು ಅವಳ ಪಕ್ಕ ಮಲಗಲಿಲ್ಲ. ಅವಳು ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಡುತ್ತ ಮೂಲೆಯಲ್ಲಿ ಕುಳಿತಿರುತ್ತಿದ್ದಳು. ದೊಡ್ಡಪ್ಪನ ಜೊತೆ ಮಾತು ನಿಲ್ಲಿಸಿದಳು, ಸಾಯುವವರೆಗೂ ಆಡಲಿಲ್ಲ. ಆಮೇಲೆ ಒಂದು ಒಲೆ ಎರಡಾಯಿತು, ಎರಡು ಮೂರಾಯಿತು.

ಹನ್ನೊಂದನೆಯ ದಿನ ಕುಂಟಿಯ ತಿಥಿ. ಗಂಡಸರು ತಲೆ ಬೋಳಿಸಿಕೊಂಡರು, ಸುತ್ತಲ ಊರವರೆಲ್ಲ ಊಟಕ್ಕೆ ಬಂದರು. ನಾನು ಪಂಕ್ತಿಯಲ್ಲಿ ಪಾಯಸಕ್ಕೆ ಕೈ ಹಾಕಿದ್ದೆ. ಅಜ್ಜಿ ಬಂದು ಮೆಲ್ಲಗೆ, "ಎದ್ ಬಾ" ಎಂದಳು. ನುಗ್ಗೆಮರದ ಬುಡದಲ್ಲಿ ಅವಳೇ ಗುಂಡಿ ತೋಡಿದ್ದಳು. ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸತ್ತ ಮರಿಯನ್ನು ಸುತ್ತಿ ಒಳಗಿಟ್ಟಿದ್ದಳು, ಹಿಡಿಯಷ್ಟೇ ಇತ್ತು. ಚೊಂಬಿನ ನೀರಿನಿಂದ ನನ್ನ ಬಲಗೈಗೆ ಅಂಟಿದ್ದ ಪಾಯಸ ತೊಳೆದು, ಸೆರಗಿನಿಂದ ಒರೆಸಿದಳು.

"ಮಣ್ ಹಾಕು. ಅದರವ್ವ ನಂಬಿದ್ದು ಈ ಕೈನ."

ಹಾಕಿದೆ. ಅಳು ಬಂತು. ಅವಳು ನನ್ನನ್ನು ಸುಮ್ಮನಿರಿಸಲಿಲ್ಲ, ಬೈಯಲೂ ಇಲ್ಲ. ಮಣ್ಣನ್ನು ಅಂಗಾಲಿನಿಂದ ತುಳಿದು ಸಮ ಮಾಡಿ, "ಯಾರ್ಗೂ ಹೇಳ್ಬ್ಯಾಡ. ಹೇಳಿದ್ರೆ ಇದ್ನೂ ಕುರ್ಚಿ ಮ್ಯಾಲೆ ಕುಂದರಿಸ್ತಾರೆ" ಎಂದಳು.

ಅಜ್ಜಿ ಹೋದಳು, ದೊಡ್ಡಪ್ಪನೂ ಹೋದ. ಮನೆ ಕೆಡವಿದ ಜಾಗದಲ್ಲಿ ಈಗ ಸ್ವಾಮಿಯ ಸಮುದಾಯ ಭವನವಿದೆ. ವರ್ಷಕ್ಕೊಮ್ಮೆ ಕುಂಟಿಯ ಪೂಜೆ ನಡೆಯುತ್ತದೆ, ನನಗೂ ಕರೆ ಬರುತ್ತದೆ. ನಾನು ಹೋಗುವುದಿಲ್ಲ. ನುಗ್ಗೆಮರ ಇದ್ದಲ್ಲಿ ಅಡುಗೆಮನೆ ಕಟ್ಟಿದ್ದಾರೆ. ಪಾಯಸದ ಕೊಪ್ಪರಿಗೆ ಕುದಿಯುವ ಒಲೆಯ ಕೆಳಗೆ ಒಂದು ಮರಿ ಮಲಗಿದೆ ಎಂದು ಆ ಊರಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.