ಸುತ್ತು ಬಸ್ಸಿನಲ್ಲಿ ಅಲೆದ ಫೋನು

ಡಿಪೋದಲ್ಲಿ ಎಲ್ಲರೂ ಅವಳನ್ನು ಹಾರನ್ ಅಕ್ಕ ಎಂದೇ ಕರೆಯುತ್ತಿದ್ದರು. ಊರನ್ನು ಸುತ್ತು ಹಾಕುವ ಬಸ್ಸಿನ ಡ್ರೈವರ್ ಅವಳು. ಅಡ್ಡ ಬಂದ ಕಾರಿನವನಿಗೆ ಕಿಟಕಿಯಿಂದ ತಲೆ ಹೊರಹಾಕಿ ಬೈದರೆ ಹಾರನ್ ಒತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಅಂಥವಳು ಕೆಲವು ದಿನಗಳಿಂದ ಬಾಯಿಗೆ ಬೀಗ ಹಾಕಿಕೊಂಡು ಬಸ್ಸು ಓಡಿಸುತ್ತಿದ್ದಳು.

ಕಾರಣ, ತಂಗಿ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳಿಗೆ ಅಕ್ಕನೇ ಒಂದು ಬಾಡಿಗೆ ಕೋಣೆ ಹುಡುಕಿಕೊಟ್ಟಿದ್ದಳು. ವಿಳಾಸ ಇಬ್ಬರನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಆದರೂ ಅಕ್ಕ ಹೋಗಿಬಂದ ಮರುದಿನವೇ ಆ ಮಹಾಶಯ ಅಲ್ಲಿ ಬಾಗಿಲು ಒದೆಯುತ್ತ ನಿಂತಿದ್ದ! ನೆರೆಹೊರೆಯವರು ಓಡಿಬಂದದ್ದರಿಂದ ಜೀವ ಉಳಿಯಿತು. ಬಸ್ಸಿನ ಕಂಡಕ್ಟರನ ಹೆಂಡತಿ ತಂಗಿಯನ್ನು ಬೇರೊಂದು ಕೋಣೆಗೆ ಸಾಗಿಸಿದಳು.

"ನೀನು ಮಾತ್ರ ಬರಬೇಡ ಕಣಕ್ಕಾ. ನೀನು ಬಂದ್ರೆ ಹಿಂದೇನೇ ಅವನೂ ಬರ್ತಾನೆ" ಎಂದಳು ತಂಗಿ.

ಯೋಚಿಸಿ ಯೋಚಿಸಿ ಅಕ್ಕನ ಅನುಮಾನ ಬಂದು ನಿಂತದ್ದು ತನ್ನ ಫೋನಿನ ಮೇಲೆ. ಅದನ್ನು ಕೊಡಿಸಿದವನು ಅಣ್ಣ. ಕನ್ನಡಕದ ಅಂಗಡಿ ನಡೆಸುವವನು. "ಹೆಂಗಸು ಬಸ್ ಓಡಿಸ್ತೀಯ, ಎಲ್ಲಿ ಏನಾಗುತ್ತೋ ಏನೋ" ಎಂದು, ಅವಳು ಎಲ್ಲಿದ್ದರೂ ತನಗೆ ಕಾಣುವಂತೆ ಲೊಕೇಶನ್ ಹಾಕಿಟ್ಟಿದ್ದ. ಈಗ ಕೇಳಿದರೆ, "ನಿನ್ನಾಣೆ, ಯಾರಿಗೂ ತೋರಿಸಿಲ್ಲ" ಎಂದ. ಸರಿ, ನೋಡೇಬಿಡೋಣ ಎಂದುಕೊಂಡಳು.

ರಜೆಯ ದಿನ ಬೆಳಿಗ್ಗೆ ತಂಗಿಯನ್ನು ನೋಡಲು ಹೊರಟಿದ್ದೇನೆಂದು ಅಣ್ಣನಿಗೆ ಹೇಳಿದಳು. ಆಮೇಲೆ ನೆಟ್ಟಗೆ ಡಿಪೋಗೆ ಬಂದು ಫೋನನ್ನು ಕಂಡಕ್ಟರನ ಕೈಗಿಟ್ಟಳು.

"ಇದು ನಿನ್ ಜೊತೆ ಊರು ಸುತ್ತಲಿ. ಹುಡುಕ್ಕೊಂಡು ಯಾರಾದ್ರೂ ಬಂದ್ರೆ ಮೊದಲು ಟಿಕೆಟ್ ತಗೊಳ್ಳೋಕೆ ಹೇಳು."

ಕಂಡಕ್ಟರ್ ಅದನ್ನು ಡ್ರೈವರ್ ಸೀಟಿನ ಹಿಂದಿನ ಔಷಧಿ ಪೆಟ್ಟಿಗೆಯಲ್ಲಿಟ್ಟ. ಮಧ್ಯಾಹ್ನದ ಹೊತ್ತಿಗೆ ತಂಗಿಯ ಗಂಡ ಬಂದೇ ಬಂದ. ಬೈಕಿನಲ್ಲಿ ಬಸ್ಸಿನ ಹಿಂದೆ ಅಲೆದೂ ಅಲೆದೂ ಸಾಕಾಗಿ, ಬೈಕನ್ನು ನಿಲ್ದಾಣದಲ್ಲಿ ಬಿಟ್ಟು ಹತ್ತಿಕೊಂಡ. ಕೈಯಲ್ಲಿನ ಫೋನು ನೋಡುವುದು, ಸೀಟುಗಳ ಕೆಳಗೆ ಬಗ್ಗುವುದು.

"ಏನ್ ಸ್ವಾಮಿ ಹುಡುಕ್ತಿದ್ದೀರಾ?" ಕಂಡಕ್ಟರ್ ಕೇಳಿದ.

"ಹೆಂಡತೀನ."

"ಸೀಟಿನ ಕೆಳಗಾ?"

ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ಅವನು ದುಡ್ಡು ತೆತ್ತು ಟಿಕೆಟ್ ಪಡೆದು, ಮುಂದಿನ ನಿಲ್ದಾಣದಲ್ಲಿ ಇಳಿದು, ಬೈಕಿಗಾಗಿ ಬಿಸಿಲಲ್ಲಿ ಹಿಂದಕ್ಕೆ ನಡೆದ. ಅಷ್ಟು ಹೊತ್ತೂ ಹಾರನ್ ಅಕ್ಕ ತಂಗಿಯ ಹೊಸ ಕೋಣೆಯಲ್ಲಿ ಕಾಲು ಚಾಚಿ ಮಲಗಿ ಹರಟೆ ಹೊಡೆಯುತ್ತಿದ್ದಳು.

ಸಂಜೆ ಫೋನು ಇಸಿದುಕೊಂಡು, ಕಂಡಕ್ಟರ್ ಹೇಳಿದ್ದನ್ನೆಲ್ಲ ಕೇಳಿ, ಅಣ್ಣನ ಅಂಗಡಿಗೆ ನುಗ್ಗಿದಳು. ಅಣ್ಣ ಕನ್ನಡಕವೊಂದರ ಸ್ಕ್ರೂ ಬಿಗಿಮಾಡುತ್ತಿದ್ದ.

"ಅವನಿಗೆ ಲಿಂಕ್ ಕಳಿಸಿದ್ದು ನೀನೇ ತಾನೇ?"

ಅಣ್ಣ ಕನ್ನಡಕವನ್ನು ಕೆಳಗಿಟ್ಟ. "ಬಂದು ಗೊಳೋ ಅಂತ ಅತ್ತ ಕಣೇ. ಸಂಸಾರ ಸರಿಹೋಗ್ಲಿ ಅಂತ..."

"ಅವಳು ಅತ್ತಾಗ ನಿನ್ ಕಿವಿ ಎಲ್ಲಿತ್ತು?"

ಅಣ್ಣನ ಎದುರೇ ಲೊಕೇಶನ್ ಹಂಚಿಕೆಯನ್ನು ಕಿತ್ತು ಹಾಕಿದಳು.

"ಅಯ್ಯೋ, ನಾಳೆ ನಿನಗೇ ಏನಾದ್ರೂ ಆದ್ರೆ ನಾನೆಲ್ಲಿ ಅಂತ ಹುಡುಕ್ಲಿ?"

"ಫೋನ್ ಮಾಡಿ ಕೇಳು. ಹೇಳ್ಬೇಕು ಅನ್ನಿಸಿದ್ರೆ ಹೇಳ್ತೀನಿ. ಎಲ್ಲಿದ್ದಾಳೆ, ಎಲ್ಲಿದ್ದಾಳೆ ಅಂತ ಎಲ್ರೂ ಪ್ರಾಣ ತಿಂದ್ರಿ. ಹೇಗಿದ್ದಾಳೆ ಅಂತ ಒಬ್ರಾದ್ರೂ ಕೇಳಿದ್ರಾ?"

ಅವಳು ಮೆಟ್ಟಿಲಿಳಿದು ರಸ್ತೆ ದಾಟಿದಳು. ಆಗ ಅಣ್ಣ ಬಾಗಿಲಿಗೆ ಬಂದು, ಕಣ್ಣೊರೆಸಿಕೊಳ್ಳುತ್ತ ಕೂಗಿದ: "ಹೇಗಿದ್ದಾಳೆ?"

ಹಾರನ್ ಅಕ್ಕನ ಗಂಟಲು ಮತ್ತೆ ಬಿಚ್ಚಿಕೊಂಡಿತು. ರಸ್ತೆಯವರೆಲ್ಲ ತಿರುಗಿ ನೋಡಿದರು.

"ಅವಳನ್ನ ಕೇಳಿ ಹೇಳ್ತೀನಿ!"